ಐದನೆಯ ಅರ್ಥಕ್ಕೆ ಉದಾಹರಣೆ

ನಿಘಂಟು ಕಚೇರಿಯಲ್ಲಿ ಚೀಟಿರಾಯರಿಗೆ ಆದ ಅನ್ಯಾಯವನ್ನು ಹೇಳಬೇಕೆಂದರೆ 'ಹ' ಅಕ್ಷರದಿಂದ ಶುರು ಮಾಡುವುದು ಒಳ್ಳೆಯದು. ಅದಕ್ಕೂ ಹಿಂದಿನ ಅಕ್ಷರಗಳಲ್ಲಿ ಅನ್ಯಾಯವೇನೂ ಕಡಿಮೆ ಇರಲಿಲ್ಲ. ಆದರೆ ಅದನ್ನೆಲ್ಲ ಹೇಳುತ್ತ ಕೂತರೆ ಅದೇ ಇನ್ನೊಂದು ಹನ್ನೆರಡು ಸಂಪುಟವಾದೀತು.

ಭಾಷೆಯಲ್ಲಿರುವ ಪದಗಳನ್ನು ಒಂದೂ ಬಿಡದೆ ಪುಸ್ತಕದೊಳಗೆ ಕೂಡಿಹಾಕುವ ಕೆಲಸವನ್ನು ಆ ಕಚೇರಿ ಇಪ್ಪತ್ತಾರು ವರ್ಷಗಳಿಂದ ಮಾಡುತ್ತಿತ್ತು. ಪದಕ್ಕೆ ಅರ್ಥ ಬರೆಯುವವರು ಮೇಲಿನ ಮಹಡಿಯಲ್ಲಿ ಫ್ಯಾನಿನ ಕೆಳಗೆ ಕೂರುತ್ತಿದ್ದರು. ಅರ್ಥಕ್ಕೆ ತಕ್ಕ ಉದಾಹರಣೆ ಬರೆಯುವವರು ಕೆಳಗಿನ ಮಹಡಿಯಲ್ಲಿ ಫ್ಯಾನಿಲ್ಲದೆ ಕೂರುತ್ತಿದ್ದರು. ಅಂಗೈಯಗಲದ ಚೀಟಿಯ ಮೇಲೆ ಉದಾಹರಣೆ ಬರೆದು ಮರದ ಖಾನೆಯಲ್ಲಿ ಜೋಡಿಸುವುದೇ ಅವರಲ್ಲೊಬ್ಬರಾದ ನಮ್ಮ ರಾಯರ ಜೀವನವಾದ್ದರಿಂದ ಕಚೇರಿಯಲ್ಲೂ ಬೀದಿಯಲ್ಲೂ ಹೆಂಡತಿಯ ತವರಿನಲ್ಲೂ ಅವರು ಚೀಟಿರಾಯರೇ ಆಗಿಹೋಗಿದ್ದರು.

ಇಪ್ಪತ್ತಾರು ವರ್ಷದಲ್ಲಿ ಅವರ ಪಾಲಿಗೆ ಬಂದದ್ದೆಲ್ಲ ಬರೀ ಸಾಮಾನು. ಚಮಚ, ಚಿಲಕ, ಜರಡಿ, ತಟ್ಟೆ, ಪೊರಕೆ, ಸೌಟು. ಕ್ರಿಯಾಪದ ಒಂದೂ ಇಲ್ಲ! ಅವೆಲ್ಲ ಮೇಲಿನ ಮಹಡಿಯ ಕ್ರಿಯಾಪದ ಪಂಡಿತರ ಸೊತ್ತು. ಒಮ್ಮೆ ಚೀಟಿರಾಯರು ಧೈರ್ಯ ಮಾಡಿ 'ಬಗ್ಗಿಸು' ಎಂಬ ಸಣ್ಣ ಪದವನ್ನಾದರೂ ಕೊಡಿ ಎಂದು ಪ್ರಧಾನ ಸಂಪಾದಕರನ್ನು ಕೇಳಿದ್ದರು.

"ರಾಯರೇ, ಕ್ರಿಯಾಪದ ಅಂದ್ರೆ ಜೀವ ಇರೋ ಪ್ರಾಣಿ. ಅದು ನಿಮ್ಮ ಕೈಲಿ ನಿಲ್ಲಲ್ಲ. ನೀವು ಪೊರಕೆ ಮುಗಿಸಿ," ಎಂದಿದ್ದರು ಸಂಪಾದಕರು.

ಚೀಟಿರಾಯರು ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಪೊರಕೆ ಮುಗಿಸಿದರು.

ಕೊನೆಯ ಸಂಪುಟ ಬಂತು. 'ಹ' ಅರ್ಧಕ್ಕೆ ಬರುವಷ್ಟರಲ್ಲಿ ಕ್ರಿಯಾಪದ ಪಂಡಿತರು ಬಗ್ಗಿ ಚಪ್ಪಲಿ ಎತ್ತಿಕೊಳ್ಳಲು ಹೋಗಿ ಸೊಂಟ ಹಿಡಿದುಕೊಂಡು ರಜೆ ಹಾಕಿದರು. ಅವರ ಖಾನೆಗಳ ಬೀಗದ ಕೈಯೂ ಅವರ ಜೇಬಿನಲ್ಲೇ ಹೋಯಿತು. ಅಚ್ಚಿನ ಮನೆಯವರು ದಿನಾ ಬಂದು 'ಹತ್ತಿಕ್ಕು' ಎಲ್ಲಿ ಎಂದು ಕೇಳತೊಡಗಿದರು. ಹೀಗೆ ಬೇರೆ ದಾರಿಯೇ ಇಲ್ಲದೆ ಒಂದು ಕ್ರಿಯಾಪದ, ಅದೂ ಅಂಥ ಜಬರದಸ್ತು ಕ್ರಿಯಾಪದ, ಚೀಟಿರಾಯರ ಮೇಜಿಗೆ ಬಂದು ಬಿತ್ತು.

"ಐದು ಅರ್ಥ ಇದೆ, ಐದಕ್ಕೂ ಉದಾಹರಣೆ ಬೇಕು," ಎಂದರು ಸಂಪಾದಕರು. "ಪುಸ್ತಕ ಹುಡುಕ್ತಾ ಕೂರೋಕೆ ಟೈಮಿಲ್ಲ. ದಿನಬಳಕೆಯಿಂದ ಬರೀರಿ. ಕಣ್ಣು ಕಿವಿ ಇದೆಯಲ್ಲ ನಿಮಗೆ?"

ಚೀಟಿರಾಯರಿಗೆ ಕಣ್ಣೂ ಇತ್ತು, ಕಿವಿಯೂ ಇತ್ತು, ಎರಡಕ್ಕಿಂತ ಹೆಚ್ಚಾಗಿ ನಿಯಮಾವಳಿ ಬಾಯಿಪಾಠ ಇತ್ತು. ನಿಯಮ ಎಂಟರ ಪ್ರಕಾರ ಉದಾಹರಣೆಯನ್ನು ಕಟ್ಟಿ ಬರೆಯುವಂತಿಲ್ಲ, ಕಂಡದ್ದನ್ನೇ ಬರೆಯಬೇಕು. ನಿಯಮ ಒಂಬತ್ತರ ಪ್ರಕಾರ ಎಲ್ಲಿ ಕಂಡದ್ದು, ಯಾರಲ್ಲಿ ಕಂಡದ್ದು ಎಂದು ಚೀಟಿಯ ಕೆಳಗೆ 'ಮೂಲ' ಬರೆಯಬೇಕು. ಹದಿನಾಲ್ಕರ ಪ್ರಕಾರ, ಸಹಿ ಹಾಕಿದ ಬರಹ ಸಿಕ್ಕಿದರೆ ಅದು ಕಣ್ಣಾರೆ ಕಂಡದ್ದಕ್ಕಿಂತ ಮೇಲು. ಇನ್ನು ಹದಿನೇಳನೆಯ ನಿಯಮ ಬಹಳ ಕೆಟ್ಟದ್ದು. ಒಂದೇ ಒಂದು ಅರ್ಥಕ್ಕೆ ಉದಾಹರಣೆ ಸಿಗದಿದ್ದರೂ ಇಡೀ ಪದವನ್ನೇ ಕೈಬಿಡಬೇಕು.

ಒಂದು ವಾರ ಅವರು ಕಿಸೆಯಲ್ಲಿ ಖಾಲಿ ಚೀಟಿ ಇಟ್ಟುಕೊಂಡು ಓಡಾಡಿದರು. ನಾಲ್ಕು ಅರ್ಥಕ್ಕೆ ನಾಲ್ಕು ದಿನದಲ್ಲೇ ಉದಾಹರಣೆ ಸಿಕ್ಕಿತು. ಐದನೆಯದು 'ತನ್ನ ಕೋಪವನ್ನು ಹೊರಗೆ ಬಿಡದೆ ಒಳಗೇ ಅದುಮಿಡು' ಎಂಬ ಅರ್ಥ. ಅದಕ್ಕೆ ಮಾತ್ರ ಸಿಗಲಿಲ್ಲ. ಅವರು ವಾಸವಿದ್ದ ಕಟ್ಟಡದಲ್ಲಿ ಸಿಟ್ಟು ಬಂದವರು ಬಾಗಿಲು ಬಡಿಯುತ್ತಿದ್ದರು, ಪಾತ್ರೆ ಎಸೆಯುತ್ತಿದ್ದರು, ಮೆಟ್ಟಿಲ ಮೇಲೆ ನಿಂತು ಮೂರು ತಲೆಮಾರನ್ನು ಬೈಯುತ್ತಿದ್ದರು. ಕೋಪವನ್ನು ನುಂಗಿಕೊಂಡು ಸುಮ್ಮನಿರುವ ಒಬ್ಬನೇ ಒಬ್ಬ ಮನುಷ್ಯ ಚೀಟಿರಾಯರ ಕಣ್ಣಿಗೆ ಬೀಳಲಿಲ್ಲ. ಕರಡಿನಲ್ಲಿ ಆ ಜಾಗ ಖಾಲಿ ಬಿಡಲು ಅವಕಾಶವಿತ್ತು. 'ಉದಾಹರಣೆ ಬೇಕಾಗಿದೆ' ಎಂದು ಬರೆದು ಕಳಿಸಿದರು.

ಚೀಟಿಯ ಮೇಲಿನ ವಾಕ್ಯವನ್ನು ಮಾತ್ರ ಅಚ್ಚು ಮಾಡಿ 'ಮೂಲ'ವನ್ನು ಬಿಡಬೇಕೆಂದು ಅಚ್ಚಿನ ಮನೆಯವರಿಗೆ ಹೇಳುವವರು ಕ್ರಿಯಾಪದ ಪಂಡಿತರು. ಅವರು ಹಾಸಿಗೆ ಹಿಡಿದಿದ್ದರು. ಅಚ್ಚಿನ ಮೊಳೆ ಜೋಡಿಸುವವನು ಕಣ್ಣಿಗೆ ಬಿದ್ದದ್ದನ್ನೆಲ್ಲ ಜೋಡಿಸಿದ. ಆಮೇಲೆ ಕೇಳಿದಾಗ, "ಬರೆದಿದ್ದನ್ನ ಬಿಡೋಕೆ ನಾನ್ಯಾರು ಸ್ವಾಮಿ?" ಎಂದ. ಅವನ ಮಾತಿನಲ್ಲೂ ನ್ಯಾಯವಿತ್ತು.

ಆ ಕಚೇರಿಯಲ್ಲಿ ಇನ್ನೊಂದು ಪದ್ಧತಿ ಇತ್ತು. ಪ್ರತಿ ಕರಡಚ್ಚನ್ನೂ ಗೇಟಿನ ಪಕ್ಕದ ಹಲಗೆಗೆ ಹದಿನೈದು ದಿನ ಅಂಟಿಸಿ, ಸಾರ್ವಜನಿಕರ ಆಕ್ಷೇಪಣೆಗೆ ಒಂದು ಪೆಟ್ಟಿಗೆ ಇಡುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಆ ಪೆಟ್ಟಿಗೆಗೆ ಬಿದ್ದದ್ದು ಎರಡು ಬಸ್ ಟಿಕೆಟು, ಒಂದು ಹಲ್ಲಿ. ಈ ಸಲ ಹಲಗೆಯ ಮೇಲೆ ಇದ್ದದ್ದು ಹೀಗೆ:

'ಹತ್ತಿಕ್ಕು. ಒಂದು: ದೇಹದ ಒತ್ತಡವನ್ನು ತಡೆ. "ಪ್ರಧಾನ ಸಂಪಾದಕರ ಭಾಷಣದ ಎರಡನೆಯ ಗಂಟೆಯಲ್ಲಿ ಸಿಬ್ಬಂದಿ ಆಕಳಿಕೆಯನ್ನು ಹತ್ತಿಕ್ಕಿದರು." ಮೂಲ: ನಮ್ಮದೇ ಕಚೇರಿ, ವಾರ್ಷಿಕ ಸಭೆ. ಎರಡು: ನಗುವನ್ನು ತಡೆ. "ಗಂಡ ಸ್ನಾನ ಮಾಡುತ್ತ ಹಾಡುವಾಗ ಹೆಂಡತಿ ಹೊರಗೆ ನಿಂತು ನಗುವನ್ನು ಹತ್ತಿಕ್ಕುತ್ತಾಳೆ." ಮೂಲ: ಸ್ವಂತ ಮನೆ, ಬಚ್ಚಲು. ಮೂರು: ಬೇರೆಯವರ ದನಿಯನ್ನು ಅಡಗಿಸು. "ತೋಳು ಗಿಡ್ಡವಾಯಿತೆಂದ ಗಿರಾಕಿಯ ದನಿಯನ್ನು ದರ್ಜಿಯು, ಈಗ ಎಲ್ಲರೂ ಹೀಗೇ ಹಾಕುವುದು ಎಂದು ಹತ್ತಿಕ್ಕಿದನು." ಮೂಲ: ಕಟ್ಟಡದ ಕೆಳಗಿನ ಅಂಗಡಿ, ಗಿರಾಕಿ ನಾನೇ. ನಾಲ್ಕು: ದಂಗೆಯನ್ನು ಅಡಗಿಸು. "ನೀರಿನ ತೊಟ್ಟಿಯ ವಿಷಯದಲ್ಲಿ ಎದ್ದ ದಂಗೆಯನ್ನು ಸಂಘದ ಅಧ್ಯಕ್ಷರು ಸಭೆಯನ್ನೇ ಮುಂದೂಡಿ ಹತ್ತಿಕ್ಕಿದರು." ಮೂಲ: ನಮ್ಮ ಕಟ್ಟಡ, ಮೂರನೆಯ ಮಹಡಿ. ಐದು: ತನ್ನ ಕೋಪವನ್ನು ಅದುಮಿಡು. ಉದಾಹರಣೆ ಬೇಕಾಗಿದೆ.'

ಮೊದಲು ಓದಿದವನು ದರ್ಜಿ. ಗುಂಡಿ ತರಲು ಹೊರಟವನು ಗೇಟಿನ ನೆರಳಲ್ಲಿ ನಿಂತು ಓದಿದ, ಇನ್ನೊಮ್ಮೆ ಓದಿದ, ಗುಂಡಿ ಮರೆತು ವಾಪಸಾದ. ಸಂಜೆ ಚೀಟಿರಾಯರು ಬರುವುದನ್ನೇ ಕಾಯುತ್ತ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಅಂಗಡಿ ಬಾಗಿಲಲ್ಲಿ ನಿಂತಿದ್ದ.

"ಏನ್ ರಾಯರೇ, ನಿಮ್ಮ ದನಿ ನಾನು ಹತ್ತಿಕ್ಕಿದ್ನಾ? ಯಾವಾಗ?"

"ಈ ಅಂಗಿ ಹೊಲಿದಾಗಪ್ಪ," ಎಂದು ಚೀಟಿರಾಯರು ಕೈ ಚಾಚಿ ತೋರಿಸಿದರು. ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆಯೇ ತೋಳು ಮುಗಿದಿತ್ತು.

"ಅದು ನಿಮ್ಮ ಕೈ ಉದ್ದ ಆಗಿದ್ದು! ಗಿಡ್ಡ ಹೊಲೀತಾನೆ ಅಂತ ಪುಸ್ತಕದಲ್ಲಿ ಹಾಕಿಸ್ತೀರಾ? ನನ್ನ ಮೊಮ್ಮಕ್ಕಳು ಓದಬೇಕಾ ಇದನ್ನ? ಪದದ ಅರ್ಥ ಹುಡುಕಿದ್ರೆ ತಾತ ಸಿಗಬೇಕಾ?"

ಚೀಟಿರಾಯರಿಗೆ ಮೈಯೆಲ್ಲ ಉರಿಯಿತು. ಗಿಡ್ಡ ತೋಳಿನ ಅಂಗಿಯಲ್ಲಿ ಎರಡು ವರ್ಷ ಓಡಾಡಿದವರು ತಾವು, ಬೈಗುಳವೂ ತಮಗೇ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮೆಟ್ಟಿಲು ಹತ್ತಿದರು.

ಮೂರನೆಯ ಮಹಡಿಯಲ್ಲಿ ಸಂಘದ ಅಧ್ಯಕ್ಷರು ಅಡ್ಡ ನಿಂತಿದ್ದರು. ಕಟ್ಟಡದ ಇಪ್ಪತ್ತನಾಲ್ಕು ಮನೆಗಳ ಸಂಘಕ್ಕೆ ಅವರು ಎಷ್ಟು ವರ್ಷದಿಂದ ಅಧ್ಯಕ್ಷರು ಎಂಬುದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅದನ್ನು ಕೇಳಲು ಕರೆದ ಸಭೆಗಳೆಲ್ಲ ಮುಂದಕ್ಕೆ ಹೋಗಿದ್ದವು.

"ರಾಯರೇ, ನಾನು ಸರ್ವಾಧಿಕಾರಿನಾ?"

"ಹಾಗೆಲ್ಲಿ ಬರೆದಿದ್ದೀನಿ ಸ್ವಾಮಿ?"

"ಬರೆದಿಲ್ಲ, ಅರ್ಥ ಬರುತ್ತೆ! ಅರ್ಥ ಬರೋ ಹಾಗೆ ಬರೆಯೋದು ನಿಮ್ಮ ಕಸುಬು, ನನಗೆ ಗೊತ್ತಿಲ್ವಾ? ತೊಟ್ಟಿ ಸೋರುತ್ತೆ ಅಂತ ಹತ್ತು ಜನ ಕೂಗಾಡಿದ್ರು. ಶಾಂತವಾಗಿ ಮಾತಾಡೋಣ ಅಂತ ಸಭೆ ಮುಂದಕ್ಕೆ ಹಾಕಿದೆ. ಶಾಂತಿ ಕಾಪಾಡಿದ್ದು ಕಣ್ರೀ ಅದು!"

"ತೊಟ್ಟಿ ಇನ್ನೂ ಸೋರ್ತಿದೆಯಲ್ಲ ಅಧ್ಯಕ್ಷರೇ. ನಮ್ಮ ಅಡುಗೆಮನೆ ಗೋಡೆಗೇ ಇಳೀತಿದೆ."

"ಅದು ಮುಂದಿನ ಸಭೆಯ ವಿಷಯ!"

ಮನೆಯೊಳಗೆ ಹೋದರೆ ಅಲ್ಲಿ ಬೇರೆಯೇ ಕಥೆ. ಹೆಂಡತಿ ತಟ್ಟೆ ಇಟ್ಟಳು, ಬಡಿಸಿದಳು, ಎದುರಿಗೆ ಕೂತಳು.

"ನಾನು ಬಾಗಿಲ ಹೊರಗೆ ನಿಂತು ನಗ್ತೀನಿ ಅನ್ನೋದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣೇ. ಬಾಗಿಲ ಸಂದಿಯಲ್ಲಿ ನಿನ್ನ ಸೆರಗು ಅಲ್ಲಾಡೋದು ಕಾಣುತ್ತೆ."

"ಎಷ್ಟು ವರ್ಷದಿಂದ?"

"ಮದುವೆ ಆದಾಗಿನಿಂದ."

"ಗೊತ್ತಿದ್ದೂ ಹಾಡ್ತಾನೇ ಇದ್ರಾ!" ಎಂದು ಅವಳು ಎದ್ದಳು. "ನಿಮಗೆ ಬೇಜಾರಾಗಬಾರದು ಅಂತ ಸೆರಗು ಬಾಯಿಗೆ ತುರುಕಿಕೊಂಡು ಉಸಿರು ಕಟ್ಟಿ ನಿಂತಿದ್ದೀನಿ ಇಷ್ಟು ವರ್ಷ. ಅದನ್ನ ಗೇಟಿಗೆ ಅಂಟಿಸ್ತೀರಾ? ಸೊಪ್ಪು ಮಾರೋಳು ಕೇಳ್ತಾಳೆ, ಏನಮ್ಮ, ಯಜಮಾನ್ರು ಯಾವ ಹಾಡು ಹಾಡ್ತಾರೆ ಅಂತ!"

ಅವತ್ತಿನಿಂದ ಮನೆಯಲ್ಲಿ ಮಾತು ನಿಂತಿತು. ಚೀಟಿರಾಯರು ಹಾಡು ನಿಲ್ಲಿಸಿದರು. ಬಚ್ಚಲಲ್ಲಿ ನೀರು ಸುರಿಯುವ ಸದ್ದು ಬಿಟ್ಟರೆ ಬೆಳಗಿನ ಹೊತ್ತು ಆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

ಪ್ರಧಾನ ಸಂಪಾದಕರಿಗೆ ವಿಷಯ ತಿಳಿದದ್ದು ಎಲ್ಲರಿಗಿಂತ ಕೊನೆಗೆ. ಕರಡಿನ ಪ್ರತಿ ಪುಟಕ್ಕೂ ಅವರು ಸಹಿ ಹಾಕಿದ್ದರು, ಆದರೆ ಸಹಿ ಹಾಕುವುದಕ್ಕೂ ಓದುವುದಕ್ಕೂ ಸಂಬಂಧವಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಚೀಟಿರಾಯರನ್ನು ಮೇಲೆ ಕರೆಸಿ ನಿಲ್ಲಿಸಿಕೊಂಡು ಕೇಳಿದರು.

"ನನ್ನ ಭಾಷಣಕ್ಕೆ ಯಾರ್ರೀ ಆಕಳಿಸಿದ್ದು?"

"ಆಕಳಿಸಿಲ್ಲ ಸಾರ್. ಹತ್ತಿಕ್ಕಿದ್ರು. ವಾಕ್ಯದಲ್ಲಿ ಸ್ಪಷ್ಟವಾಗಿದೆ."

"ಎಷ್ಟು ಜನ?"

"ಮೂವತ್ತೊಂದು ಸಾರ್. ಕ್ರಿಯಾಪದ ಪಂಡಿತರಿಗೆ ಮಾತ್ರ ಹತ್ತಿಕ್ಕೋಕೆ ಆಗಲಿಲ್ಲ."

ಸಂಪಾದಕರು ಮುಖ ಕೆಂಪು ಮಾಡಿಕೊಂಡು ಒಂದು ಕಾಗದ ಎಳೆದು ಆದೇಶ ಬರೆದರು. ಆಕ್ಷೇಪಣೆಗಳೆಲ್ಲ ಲಿಖಿತವಾಗಿ, ಸಹಿ ಸಮೇತ ಬರಬೇಕು, ಶುಕ್ರವಾರ ಮಧ್ಯಾಹ್ನ ವಿಚಾರಣೆ. ಆಮೇಲೆ ತಲೆಯೆತ್ತಿ ಹೇಳಿದರು: "ರಾಯರೇ, ನನ್ನ ಕೇಳಿದ್ರೆ ಈ ಪದಾನೇ ತೆಗೆದುಬಿಡೋದು ಒಳ್ಳೇದು. 'ಅದುಮು' ಇದೆ, 'ಅಡಗಿಸು' ಇದೆ. 'ಹತ್ತಿಕ್ಕು' ಇಲ್ಲ ಅಂತ ಯಾರು ಅಳ್ತಾರೆ?"

ಯಾರು ಅಳುತ್ತಾರೆ! ಚೀಟಿರಾಯರು ಅಳುತ್ತಿದ್ದರು. ಇಪ್ಪತ್ತಾರು ವರ್ಷ ಪೊರಕೆ ಸೌಟುಗಳನ್ನು ಜೋಡಿಸಿದ ಮೇಲೆ ಬಂದ ಒಂದೇ ಒಂದು ಕ್ರಿಯಾಪದ. ಇದು ಹೋದರೆ ಇನ್ನೊಂದು ಬರುವುದಿಲ್ಲ, ಏಕೆಂದರೆ ನಿಘಂಟೇ ಮುಗಿಯುತ್ತ ಬಂತು. ಜೊತೆಗೆ, ಭಾಷೆಯ ಪದಗಳನ್ನೆಲ್ಲ ಹಿಡಿಯಲು ಹೊರಟ ಪುಸ್ತಕದಲ್ಲಿ ನಾಲ್ಕು ಜನಕ್ಕೆ ಬೇಜಾರಾಯಿತೆಂದು ಒಂದು ಪದ ಇಲ್ಲದೆ ಹೋಗುವುದೆಂದರೇನು? ಇದೆಲ್ಲವನ್ನೂ ಅವರು ಮನಸ್ಸಿನಲ್ಲೇ ಹೇಳಿಕೊಂಡರು. ಹೊರಗೆ ಮಾಡಿದ್ದಿಷ್ಟೇ, ಕನ್ನಡಕ ಒರೆಸಿ, "ಆಗಲಿ ಸಾರ್," ಎಂದರು.

ಶುಕ್ರವಾರ ಕಚೇರಿಯ ದೊಡ್ಡ ಕೋಣೆ ತುಂಬಿತು. ನಿಘಂಟಿನ ವಿಚಾರಣೆ ನೋಡಲು ಅಷ್ಟು ಜನ ಬಂದದ್ದು ಅದೇ ಮೊದಲು. ಮುಂದಿನ ಸಾಲಿನಲ್ಲಿ ದರ್ಜಿ, ಸಂಘದ ಅಧ್ಯಕ್ಷರು. ಹಿಂದೆ ಕಟ್ಟಡದ ಮನೆಯವರೆಲ್ಲ. ಕೊನೆಯ ಬೆಂಚಿನ ತುದಿಯಲ್ಲಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದವಳು ಚೀಟಿರಾಯರ ಹೆಂಡತಿ. ಅವಳೂ ಪೆಟ್ಟಿಗೆಗೆ ಒಂದು ಲಕೋಟೆ ಹಾಕಿದ್ದಾಳೆಂದು ಗೇಟಿನ ಕಾವಲಿನವನು ಆಗಲೇ ಹೇಳಿದ್ದ.

ದರ್ಜಿ ತನ್ನ ಆಕ್ಷೇಪಣೆಯನ್ನು ಎದ್ದು ನಿಂತು ಓದಿದ. "ನಾನು ಮೂವತ್ತು ವರ್ಷದಿಂದ ಯಾವ ಗಿರಾಕಿಯ ದನಿಯನ್ನೂ ಹತ್ತಿಕ್ಕಿಲ್ಲ. ಹತ್ತಿಕ್ಕಿದ್ದರೆ ಅವರೇ ಬಂದು ಹೇಳಲಿ, ನೋಡಿಕೊಳ್ಳುತ್ತೇನೆ."

ಕೋಣೆಯಲ್ಲಿ ಅವನ ಗಿರಾಕಿಗಳು ಹದಿನೈದು ಜನವಾದರೂ ಇದ್ದರು. ಎಲ್ಲರೂ ತಮ್ಮ ತೋಳುಗಳನ್ನು ನೋಡಿಕೊಂಡರು. ಒಬ್ಬರೂ ಬಾಯಿ ಬಿಡಲಿಲ್ಲ.

ಅಧ್ಯಕ್ಷರ ಆಕ್ಷೇಪಣೆ ನಾಲ್ಕು ಪುಟವಿತ್ತು. ಸಾರಾಂಶ ಇಷ್ಟು: "ನಾನು ದಂಗೆ ಏಳದಂತೆ ನೋಡಿಕೊಂಡಿದ್ದೇನೆಯೇ ಹೊರತು ಎದ್ದ ದಂಗೆಯನ್ನು ಎಂದೂ ಹತ್ತಿಕ್ಕಿದವನಲ್ಲ. ಈ ಅಪಪ್ರಚಾರದಿಂದ ಏಳಬಹುದಾದ ದಂಗೆಯನ್ನು ಹೇಗೆ ಹತ್ತಿಕ್ಕಬೇಕೆಂಬುದು ನನಗೆ ಚೆನ್ನಾಗಿ ಗೊತ್ತಿದೆ."

ಕೊನೆಗೆ ಸಂಪಾದಕರು ತಮ್ಮದನ್ನೂ ಓದಿದರು. "ನನ್ನ ಭಾಷಣದ ವೇಳೆ ಆಕಳಿಕೆಯನ್ನು ಹತ್ತಿಕ್ಕುವ ಪ್ರಸಂಗ ಯಾರಿಗೂ ಬಂದಿಲ್ಲವೆಂದು ಸಿಬ್ಬಂದಿಯೆಲ್ಲರೂ ಬರೆದುಕೊಡತಕ್ಕದ್ದು." ಆ ವಿಷಯವನ್ನು ವಿವರಿಸುತ್ತ ಅವರು ಮುಕ್ಕಾಲು ಗಂಟೆ ಮಾತಾಡಿದರು. ಹಿಂದಿನ ಸಾಲಿನಲ್ಲಿ ಸಿಬ್ಬಂದಿಯ ದವಡೆಗಳು ಗಟ್ಟಿಯಾಗಿ ಮುಚ್ಚಿಕೊಂಡಿದ್ದವು, ಕಣ್ಣಲ್ಲಿ ನೀರಾಡುತ್ತಿತ್ತು.

"ರಾಯರೇ, ನಿಮ್ಮದೇನಾದ್ರೂ ಹೇಳೋದಿದೆಯಾ?"

ಚೀಟಿರಾಯರು ಎದ್ದರು. ಅವರ ಕೈ ಅಭ್ಯಾಸಬಲದಿಂದ ಕನ್ನಡಕದ ಕಡೆ ಹೋಯಿತು. ಆದರೆ ಅಷ್ಟರಲ್ಲಿ ಅವರ ಕಣ್ಣು ಮೇಜಿನ ಮೇಲಿದ್ದ ಆಕ್ಷೇಪಣೆಗಳ ಮೇಲೆ ಬಿತ್ತು. ಶಾಯಿಯಲ್ಲಿ ಬರೆದ ಬರಹ. ಕೆಳಗೆ ಸಹಿ. ಸಹಿಯ ಕೆಳಗೆ ತಾರೀಖು. ಕೈ ಅಲ್ಲೇ ನಿಂತಿತು.

"ಸಾರ್, ನಿಯಮ ಹದಿನಾಲ್ಕು."

"ಏನದು?"

"ಸಹಿ ಹಾಕಿದ ಬರಹ ಸಿಕ್ಕಿದ್ರೆ ಕಣ್ಣಾರೆ ಕಂಡದ್ದಕ್ಕಿಂತ ಅದು ಮೇಲು. ನಾನು ಬರೆದ ಮೊದಲನೇ, ಮೂರನೇ, ನಾಲ್ಕನೇ ಉದಾಹರಣೆ ವಾಪಸ್ ತಗೋತೀನಿ." ಮುಂದಿನ ಸಾಲಿನಲ್ಲಿ ಮುಖಗಳು ಅರಳಿದವು. "ಅದರ ಬದಲು ಈ ಮೂರು ಪತ್ರದಿಂದ ಒಂದೊಂದು ವಾಕ್ಯ ಹಾಕ್ತೀನಿ. ಎಲ್ಲದರಲ್ಲೂ ಪದ ಚೆನ್ನಾಗಿ ಬಂದಿದೆ. ದರ್ಜಿಯವರು 'ಹತ್ತಿಕ್ಕಿದ್ದರೆ' ಅಂತ ಬರೆದಿದ್ದಾರೆ, ಆ ರೂಪ ನಮ್ಮಲ್ಲಿ ಇರಲೇ ಇಲ್ಲ. ಅಧ್ಯಕ್ಷರದ್ದು ಎರಡು ಸಲ ಬಂದಿದೆ. ಮೂಲ: ಲೇಖಕರ ಸ್ವಹಸ್ತ."

ಕೋಣೆಯಲ್ಲಿ ಗದ್ದಲವೋ ಗದ್ದಲ. ದರ್ಜಿ ತನ್ನ ಪತ್ರ ಕಿತ್ತುಕೊಳ್ಳಲು ಬಂದ. ಪೆಟ್ಟಿಗೆಗೆ ಬಿದ್ದದ್ದು ಕಚೇರಿಯ ಸೊತ್ತು ಎಂಬುದು ನಿಯಮ ಇಪ್ಪತ್ತೆರಡು. ಅಧ್ಯಕ್ಷರು ವಿಚಾರಣೆಯನ್ನು ಮುಂದೂಡಬೇಕೆಂದು ಸೂಚನೆ ಮಂಡಿಸಿದರು. ಸಂಪಾದಕರು ಮೇಜು ಕುಟ್ಟಿ ಕುಟ್ಟಿ ಸುಸ್ತಾದರು. ಆಮೇಲೆ ಅವರ ಮುಖದ ಮೇಲೆ ಒಂದು ಸಣ್ಣ ನಗು ಮೂಡಿತು.

"ಆಯ್ತು ರಾಯರೇ. ನಿಯಮ ಅಂದ್ರೆ ನಿಯಮ. ಹದಿನೇಳು ಏನು ಹೇಳುತ್ತೆ?"

"ಒಂದು ಅರ್ಥಕ್ಕೆ ಉದಾಹರಣೆ ಸಿಗದಿದ್ರೂ ಇಡೀ ಪದ ಬಿಡಬೇಕು ಸಾರ್," ಎಂದರು ಚೀಟಿರಾಯರು.

"ಐದನೇ ಅರ್ಥಕ್ಕೆ ಉದಾಹರಣೆ ಎಲ್ಲಿ? ಕೋಪ ಹತ್ತಿಕ್ಕಿದವರು ಯಾರಾದ್ರೂ ಸಿಕ್ಕಿದ್ರಾ? ಇಲ್ಲ. ಅಲ್ಲಿಗೆ ಪದ ಅಪೂರ್ಣ," ಎನ್ನುತ್ತ ಅವರು ಕೆಂಪು ಪೆನ್ಸಿಲನ್ನು ಕೈಗೆತ್ತಿಕೊಂಡರು.

"ಪೆಟ್ಟಿಗೆಯಲ್ಲಿ ನಂದೂ ಒಂದಿದೆ," ಎಂದು ಕೊನೆಯ ಬೆಂಚಿನಿಂದ ಒಂದು ದನಿ ಕೇಳಿತು.

ಹೆಂಡತಿ ಎದ್ದು ಬಂದಳು. ಸಂಪಾದಕರು ಖುಷಿಯಿಂದ ಲಕೋಟೆ ಹುಡುಕಿ ಕೊಟ್ಟರು. ಸ್ವಂತ ಹೆಂಡತಿಯೇ ಗಂಡನ ಮೇಲೆ ದೂರು ಕೊಟ್ಟರೆ ಇನ್ನೇನು ಬೇಕು? ಅವಳು ಕಾಗದ ಬಿಡಿಸಿ, ಯಾರ ಮುಖವನ್ನೂ ನೋಡದೆ ಓದಿದಳು.

"ನನ್ನ ಆಕ್ಷೇಪಣೆ ಐದನೆಯ ಅರ್ಥದ ಬಗ್ಗೆ. ಉದಾಹರಣೆ ಬೇಕಾಗಿದೆ ಎಂದು ಬರೆದಿರುವುದು ಶುದ್ಧ ಸುಳ್ಳು. ನನ್ನ ಗಂಡ ಇಪ್ಪತ್ತಾರು ವರ್ಷದಿಂದ ಕೋಪವನ್ನು ಹತ್ತಿಕ್ಕಿಕೊಂಡೇ ಬಂದಿದ್ದಾರೆ. ಕೋಪ ಬಂದಾಗಲೆಲ್ಲ ಅವರು ಕನ್ನಡಕ ಒರೆಸುತ್ತಾರೆ. ಆ ಕನ್ನಡಕದ ಮೇಲೆ ಧೂಳಿರುವುದಿಲ್ಲ. ಒರೆಸಿ ಒರೆಸಿ ಅವರ ಅಂಗಿಗಳೆಲ್ಲದರ ಚುಂಗು ಒಂದೇ ಕಡೆ ಸವೆದಿದೆ, ನಾನೇ ತೇಪೆ ಹಾಕುತ್ತೇನೆ. ಫ್ಯಾನು ಕೊಡದಿದ್ದಾಗ ಒರೆಸಿದರು. ಕ್ರಿಯಾಪದ ಕೊಡದಿದ್ದಾಗ ಒಂದು ವಾರ ಒರೆಸಿದರು. ಎಲ್ಲರನ್ನೂ ಕಂಡವರಿಗೆ ತಾವು ಕಾಣಲಿಲ್ಲ ಎಂಬುದೇ ನನ್ನ ದೂರು. ಮೂಲ: ಸ್ವಂತ ಮನೆ. ಸಹಿ ಕೆಳಗಿದೆ."

ಸಂಪಾದಕರು ಕೆಂಪು ಪೆನ್ಸಿಲನ್ನು ಇಳಿಸದೆ ಚೀಟಿರಾಯರ ಕಡೆ ತಿರುಗಿದರು.

"ಏನ್ರೀ ಇದು? ಇಷ್ಟು ವರ್ಷ ನನ್ನ ಮೇಲೆ ಕೋಪ ಇತ್ತಾ ನಿಮಗೆ? ನಿಜಾನಾ?"

ಚೀಟಿರಾಯರ ಕೈ ತಾನಾಗಿಯೇ ಮೇಲೆ ಹೋಯಿತು. ಕನ್ನಡಕ ತೆಗೆಯಿತು. ಅಂಗಿಯ ಚುಂಗನ್ನು ಹಿಡಿದು ಎಡಗಾಜನ್ನು ಒರೆಸಲು ಶುರು ಮಾಡಿತು. ಇಡೀ ಕೋಣೆ ಕತ್ತು ಚಾಚಿ ಅದನ್ನೇ ನೋಡುತ್ತಿದೆ ಎಂದು ಅವರಿಗೆ ತಿಳಿದದ್ದು ಬಲಗಾಜಿಗೆ ಬಂದ ಮೇಲೆ. ಅವರು ನಿಲ್ಲಿಸಿದರು. ಒರೆಸದ ಬಲಗಾಜಿನೊಂದಿಗೇ ಕನ್ನಡಕ ಹಾಕಿಕೊಂಡರು.

"ಹೌದು ಸಾರ್, ಇತ್ತು!" ಎಂದರು. ಆ ಕೋಣೆಯಲ್ಲಿ ಅಷ್ಟು ದೊಡ್ಡ ದನಿ ಅವರದ್ದೆಂದು ಮೊದಲು ಯಾರೂ ನಂಬಲಿಲ್ಲ. "ಇವತ್ತೂ ಇದೆ! ಫ್ಯಾನಿನ ಮೇಲಿದೆ, ಪೊರಕೆ ಮೇಲಿದೆ, ಈ ತೋಳಿನ ಮೇಲಿದೆ, ಸೋರೋ ತೊಟ್ಟಿ ಮೇಲಿದೆ! ಪದಾನ ಯಾವನಾದ್ರೂ ಮುಟ್ಟಿ ನೋಡಿ!"

ಯಾರೂ ಮುಟ್ಟಲಿಲ್ಲ. ಹಿಂದಿನಿಂದ ಒಬ್ಬ ಗಿರಾಕಿ ಎದ್ದು ತನ್ನ ತೋಳೂ ಗಿಡ್ಡ ಎಂದ. ಇನ್ನೊಬ್ಬರು ತೊಟ್ಟಿಯ ವಿಷಯ ಎತ್ತಿದರು. ಸಿಬ್ಬಂದಿಯ ಸಾಲಿನಿಂದ ಮೂವತ್ತೊಂದು ಆಕಳಿಕೆಗಳು ಒಟ್ಟಿಗೇ ಹೊರಬಿದ್ದವು. ಸಂಪಾದಕರು ಕೆಂಪು ಪೆನ್ಸಿಲನ್ನು ಮೇಜಿನ ಮೇಲಿಟ್ಟು 'ಹತ್ತಿಕ್ಕು'ವಿಗೆ ಸಹಿ ಹಾಕಿದರು. ಈ ಸಲ ಓದಿ ಹಾಕಿದರು.

ಕೊನೆಯ ಸಂಪುಟ ಅಚ್ಚಾಗಿ ಬಂತು. ಅದು ಮನೆಗೆ ಬಂದ ಬೆಳಿಗ್ಗೆ ಚೀಟಿರಾಯರು ಸ್ನಾನಕ್ಕೆ ಹೋಗಿ, ಎರಡು ಚೊಂಬು ನೀರು ಸುರಿದುಕೊಂಡು, ತುಂಬ ದಿನಗಳ ಮೇಲೆ ಗಂಟಲು ಬಿಟ್ಟು ಹಾಡಿದರು. ಬಾಗಿಲ ಹೊರಗೆ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೆಳಗಿನ ಅಂಗಡಿಯ ದರ್ಜಿ ತಲೆಯೆತ್ತಿ ನೋಡುವಷ್ಟು ಜೋರಾಗಿ ನಕ್ಕಳು. ಸೆರಗು ಎಲ್ಲಿರಬೇಕೋ ಅಲ್ಲೇ ಇತ್ತು.

ಚೀಟಿರಾಯರು ಹಾಡು ನಿಲ್ಲಿಸಿ ಬಾಗಿಲು ಅರ್ಧ ತೆರೆದು ಒದ್ದೆ ತಲೆ ಹೊರಗೆ ಹಾಕಿದರು. ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಏನೇ ಇದು! ಎರಡನೇ ಅರ್ಥ ಅಚ್ಚಾಗಿ ಇನ್ನೂ ಶಾಯಿ ಒಣಗಿಲ್ಲ, ಆಗಲೇ ಉದಾಹರಣೆ ಸುಳ್ಳು ಮಾಡಿಬಿಟ್ಯಲ್ಲ!"

"ತಿದ್ದುಪಡಿ ಚೀಟಿ ಬರೀರಿ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ಸಹಿ ನಾನು ಹಾಕ್ತೀನಿ."